ಒಬ್ಬರೇ ಇದ್ದಾಗ ಕೂಗುವ ಕಾರು

ಮನುಷ್ಯನಿಗೆ ದೇವರು ಎರಡು ಕಿವಿ ಕೊಟ್ಟಿದ್ದು ಎರಡೂ ಕಡೆಯ ಮಾತು ಕೇಳಲಿ ಎಂದು ಹಿರಿಯರು ಹೇಳುತ್ತಾರೆ. ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವನಿಗೆ ಮಾತ್ರ ಬೇರಿಂಗಿನ ಸದ್ದು ಕೇಳಲಿ ಎಂದೇ ಕೊಟ್ಟಿದ್ದಾನೆ. ತನ್ನ ಮಾತು ಆ ಎರಡರಲ್ಲಿ ಯಾವ ಕಿವಿಗೂ ಬೀಳುವುದಿಲ್ಲ ಎಂಬುದು ಅಕ್ಕನ ದೂರು. ಅದು ಬೇರೆ ವಿಚಾರ.

ಭಾವ ಫ್ಯಾನ್ ಕಾರ್ಖಾನೆಯೊಂದರಲ್ಲಿ ಕೇಳುವ ಕೋಣೆಯ ಅಧಿಪತಿ. ಗೋಡೆಗೆಲ್ಲ ದಪ್ಪ ಮೆತ್ತೆ ಹೊಡೆದ ಪುಟ್ಟ ಕೋಣೆ, ಒಂದು ಕುರ್ಚಿ, ಮೇಲೊಂದು ಕೊಕ್ಕೆ. ಜೋಡಣೆ ಮುಗಿದ ಫ್ಯಾನನ್ನು ಕೊಕ್ಕೆಗೆ ಸಿಕ್ಕಿಸಿ, ಬಾಗಿಲು ಹಾಕಿ, ಸ್ವಿಚ್ ಒತ್ತಿ, ಭಾವ ಕಣ್ಣು ಮುಚ್ಚಿ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ಹಸಿರು ಚೀಟಿ ಅಂಟಿಸಿದರೆ ಫ್ಯಾನು ಅಂಗಡಿಗೆ ಹೋಗುತ್ತದೆ, ಕೆಂಪು ಚೀಟಿ ಅಂಟಿಸಿದರೆ ಜೋಡಣೆ ವಿಭಾಗಕ್ಕೆ ವಾಪಸ್ಸು. ಜೋಡಣೆ ವಿಭಾಗದ ಮೇಲ್ವಿಚಾರಕ ಭಾವನ ಹೆಸರು ಕೇಳಿದರೆ ಸಾಕು, ಹಲ್ಲು ಕಡಿಯುತ್ತಾನೆ.

ಆ ಕುರ್ಚಿಯ ಮೇಲೆ ಭಾವನಿಗಿದ್ದ ಮಮತೆ ಎಷ್ಟೆಂದರೆ, ರಜೆಯ ದಿನ ಅದನ್ನು ಯಾರಾದರೂ ಮುಟ್ಟಿಯಾರು ಎಂದು ಅವರಿಗೆ ಊಟ ರುಚಿಸುತ್ತಿರಲಿಲ್ಲ. ಮನೆಯಲ್ಲೂ ಅದೇ ಧೋರಣೆ. ನೆಂಟರ ಮನೆಗೆ ಹೋದರೆ ಕೈಕಾಲು ತೊಳೆಯುವ ಮೊದಲೇ ಅವರ ಫ್ರಿಜ್ಜಿಗೆ ಆಯಸ್ಸು ಎಷ್ಟಿದೆ ಎಂದು ಹೇಳಿಬಿಡುತ್ತಿದ್ದರು. ಅದು ನಿಜವೂ ಆಗುತ್ತಿತ್ತು, ಆದ್ದರಿಂದ ನೆಂಟರು ಕರೆಯುವುದು ಕಡಿಮೆಯಾಯಿತು.

ಇಂಥ ಮನುಷ್ಯ ಹಳೆಯ ಕಾರು ಕೊಂಡರು. ಹಲ್ಲಿನ ಡಾಕ್ಟರೊಬ್ಬರು ಹೊಸದು ತೆಗೆದುಕೊಂಡು ಮಾರಿದ ಕಾರು, ಬಣ್ಣ ಒಂದು ಕಾಲದಲ್ಲಿ ನೀಲಿ. ಅದರ ಎಂಜಿನ್ನಿಗೆ ಕಿವಿಕೊಟ್ಟು, ಬಾನೆಟ್ಟಿನ ಮೇಲೆ ಕೆನ್ನೆ ಇಟ್ಟು, ಇದಕ್ಕಿಂತ ಆರೋಗ್ಯವಂತ ಗಾಡಿ ಈ ಬೀದಿಯಲ್ಲೇ ಇಲ್ಲ ಎಂದು ಭಾವ ನಾಲ್ಕು ಜನರ ಮುಂದೆ ಘೋಷಿಸಿದರು. ಎಡವಟ್ಟಾದದ್ದು ಅಲ್ಲೇ. ನಾಲ್ಕು ಜನರ ಮುಂದೆ ಆಡಿದ ಮಾತು ನಲವತ್ತು ಜನಕ್ಕೆ ನೆನಪಿರುತ್ತದೆ.

ಒಂದು ವಾರದೊಳಗೆ ಕಾರು ಕೂಗಲು ಶುರುಮಾಡಿತು. ಕಾರ್ಖಾನೆಗೆ ಹೋಗುವಾಗ ಕಿರ್ರ್, ಬರುವಾಗ ಕಿರ್ರ್. ಸಣ್ಣ ಸದ್ದು, ಆದರೆ ಭಾವನ ಕಿವಿಗೆ ಅದು ಕಿವಿಯೊಳಗೆ ಇರುವೆ ಹೊಕ್ಕಷ್ಟು ಹಿಂಸೆ. ಅವರು ದಾರಿಯುದ್ದಕ್ಕೂ ಪರೀಕ್ಷೆ ಮಾಡಿದರು. ವೇಗ ಹೆಚ್ಚಿಸಿದರು, ಇಳಿಸಿದರು, ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಮನೆಗೆ ಬಂದು ಕೆಳಮನೆಯ ನಿವೃತ್ತ ಗಣಿತದ ಮೇಷ್ಟ್ರಿಗೆ ಒಂದು ಉಪನ್ಯಾಸವನ್ನೇ ಕೊಟ್ಟರು. ಎಂಜಿನ್ ಹುಟ್ಟಿಸಿದ ಬಲ ಚಕ್ರಕ್ಕೆ ತಲುಪುವಷ್ಟರಲ್ಲಿ ಕ್ಲಚ್ಚು, ಗೇರ್‌ಬಾಕ್ಸು, ಆಕ್ಸಲ್ಲು ಎಂದು ಹಲವು ಕೈ ದಾಟಿ ಹೋಗಬೇಕು. ಈ ಸದ್ದು ಎಂಜಿನ್ನಿನದಲ್ಲ, ಚಕ್ರದ್ದೂ ಅಲ್ಲ, ನಡುವೆ ಎಲ್ಲೋ ಒಂದು ಬೇರಿಂಗ್ ಅಳುತ್ತಿದೆ ಎಂದರು. ಮೇಷ್ಟ್ರು ಕೇಳಿಸಿಕೊಂಡು, ಎಲ್ಲಿ, ಒಂದು ಸುತ್ತು ಹೋಗೋಣ ಎಂದು ಮುಂದಿನ ಸೀಟಿನಲ್ಲಿ ಕೂತರು.

ಕಾರು ತುಟಿ ಪಿಟಕ್ಕೆನ್ನಲಿಲ್ಲ. ಮಾರುಕಟ್ಟೆಯವರೆಗೆ ಹೋದರು, ಬಂದರು. ಮೇಷ್ಟ್ರು ಇಳಿಯುವಾಗ ಭಾವನ ಬೆನ್ನು ತಟ್ಟಿದರು. ಅವರು ಗಣಿತದಲ್ಲಿ ಸೊನ್ನೆ ತೆಗೆದ ಹುಡುಗರ ಬೆನ್ನು ತಟ್ಟುತ್ತಿದ್ದದ್ದೂ ಹಾಗೆಯೇ ಎಂದು ಕಾಣುತ್ತದೆ.

ಮರುದಿನ ಭಾವ ಒಬ್ಬರೇ ಹೋದಾಗ ಮತ್ತೆ ಕಿರ್ರ್.

ಆಮೇಲೆ ಗ್ಯಾರೇಜು. ಗ್ಯಾರೇಜಿನ ಮಾಲೀಕ ಪಕ್ಕದಲ್ಲಿ ಕೂತು ಬಂದ, ಸದ್ದಿಲ್ಲ. ತಾನೇ ಓಡಿಸಿದ, ಸದ್ದಿಲ್ಲ. ಆದರೆ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದು ಅವನ ಜಾಯಮಾನವಲ್ಲ. ಆಕ್ಸಲ್ಲಿನ ಕೀಲು ಬದಲಾಯಿಸಿದ. ಮುಂದಿನ ವಾರ ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಿದ. ಅದರ ಮುಂದಿನ ವಾರ ಬದಲಾಯಿಸಲು ಏನೂ ತೋಚದೆ, ಗಾಡಿ ಗುಂಡುಕಲ್ಲಿನ ಹಾಗಿದೆ, ನೀವು ಸ್ವಲ್ಪ ರೆಸ್ಟ್ ತಗೊಳ್ಳಿ ಎಂದ.

ಇಷ್ಟರಲ್ಲಿ ಸುದ್ದಿ ಮೆಟ್ಟಿಲು ಹತ್ತಿತ್ತು. ಮೇಲ್ಮಹಡಿಯ ದರ್ಜಿಯಾಕೆ ಎಂತಹ ಗುಟ್ಟನ್ನೂ ಹೊಲಿಗೆ ಬಿಚ್ಚಿ ನೋಡುವವಳು. ಇದೆಲ್ಲ ನಾಟಕ, ಯಾರೂ ಕಾರಲ್ಲಿ ಬಿಡಿ ಅಂತ ಕೇಳಬಾರದು ಎಂದು ಆತ ಸದ್ದು ಹುಟ್ಟಿಸಿದ್ದಾನೆ ಎಂದು ಆಕೆ ಕಂಡವರಿಗೆಲ್ಲ ಹೇಳಿದಳು. ಭಾವನಿಗೆ ಇದು ತಟ್ಟಿತು. ಸುಳ್ಳಲ್ಲ ಎಂದು ತೋರಿಸಲು ಅವರು ಕರೆದು ಕರೆದು ಜನರನ್ನು ಹತ್ತಿಸಿಕೊಂಡರು. ಬೀದಿಯ ಅರ್ಧ ಜನ ಆ ಕಾರಿನಲ್ಲಿ ಪುಕ್ಕಟೆ ಓಡಾಡಿದರು. ಕಾರು ಮಾತ್ರ ಅತ್ತೆಯ ಎದುರಿನ ಹೊಸ ಸೊಸೆಯ ಹಾಗೆ ಬಾಯಿ ಬಿಡಲಿಲ್ಲ. ಎಲ್ಲರನ್ನೂ ಇಳಿಸಿ ಭಾವ ಒಬ್ಬರೇ ತಿರುವು ದಾಟಿದರೆ ಕಿರ್ರ್ ಎಂದು ಶುರು.

ಒಂದು ದಿನ ಅಕ್ಕ ಸೌಟು ಕೆಳಗಿಟ್ಟಳು. ಅವಳು ಸೌಟು ಕೆಳಗಿಟ್ಟಳೆಂದರೆ ತೀರ್ಪು ಬಂತೆಂದು ಅರ್ಥ.

"ಒಬ್ಬರೇ ಇದ್ದಾಗ ಮಾತ್ರ ಕೇಳಿಸೋ ಸದ್ದು ಗ್ಯಾರೇಜಿಗೆ ಸೇರಿದ್ದಲ್ಲ ರೀ. ಕಿವಿ ಡಾಕ್ಟರಿಗೆ ಸೇರಿದ್ದು. ಏಳಿ."

ಕಿವಿ ಡಾಕ್ಟರು ಭಾವನನ್ನು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಸಣ್ಣದು, ಅತಿ ಸಣ್ಣದು, ಇದೆಯೋ ಇಲ್ಲವೋ ಎನ್ನುವಂಥ ಸದ್ದುಗಳನ್ನೆಲ್ಲ ಕೇಳಿಸಿದರು. ಭಾವ ಒಂದನ್ನೂ ಬಿಡಲಿಲ್ಲ. ಜೊತೆಗೆ, ನಿಮ್ಮ ಯಂತ್ರದ ಒಳಗಿನ ಪುಟ್ಟ ಫ್ಯಾನಿಗೆ ಧೂಳು ಕೂತಿದೆ, ತೆಗೆಸಿ ಎಂದು ಸಲಹೆ ಕೊಟ್ಟು ಹೊರಬಂದರು. ಇಂಥ ಕಿವಿಯನ್ನು ನಾನು ನೋಡಿಯೇ ಇಲ್ಲ ಎಂದು ಡಾಕ್ಟರು ಕೈ ಕುಲುಕಿದರು. ಅಕ್ಕನ ಮುಖ ಅರಳಿತು. ಆಮೇಲೆ ಡಾಕ್ಟರು ಸ್ವಲ್ಪ ಯೋಚಿಸಿ, ಕಿವಿ ಸರಿಯಾಗಿದೆ, ಕಾರೂ ಸರಿಯಾಗಿದೆ ಅಂದಮೇಲೆ ಉಳಿದದ್ದು ಒಂದೇ ಜಾಗ ಎಂದು ಎದುರಿನ ಬಾಗಿಲು ತೋರಿಸಿದರು. ಅದು ಮನಸ್ಸಿನ ಡಾಕ್ಟರ ಕೋಣೆ.

ಮನಸ್ಸಿನ ಡಾಕ್ಟರು ಬಹಳ ಮೃದು. ಕುಡಿಯಲು ನೀರು ಕೊಟ್ಟು, ಆ ಸದ್ದು ನಿಮಗೇನಾದರೂ ಹೇಳುತ್ತದೆಯೇ, ಅದನ್ನು ಮಾಡು ಇದನ್ನು ಮಾಡು ಎಂದು ಅಪ್ಪಣೆ ಕೊಡುತ್ತದೆಯೇ ಎಂದು ಕೇಳಿದರು. ನಮ್ಮ ಭಾವ ಸತ್ಯಸಂಧರು.

"ಹೌದು ಡಾಕ್ಟ್ರೇ. ಬೇರಿಂಗ್ ಬದಲಾಯಿಸು ಅಂತ ಹೇಳುತ್ತೆ."

ಡಾಕ್ಟರು ಪೆನ್ನು ತೆಗೆದರು. ಅಕ್ಕ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು. ಅಳು ತಡೆಯಲೆಂದು ಜೊತೆಗೆ ಹೋಗಿದ್ದ ನಾನು ಭಾವಿಸಿದ್ದೆ, ನಗು ತಡೆಯಲೆಂದು ಅವಳು ಆಮೇಲೆ ಹೇಳಿದಳು. ಎರಡೂ ಇದ್ದಿರಬಹುದು.

ಇಷ್ಟಕ್ಕೇ ಮುಗಿದಿದ್ದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಕೆಟ್ಟ ಗಳಿಗೆ ಬಂದರೆ ಹಗ್ಗವೂ ಹಾವಾಗುತ್ತದಂತೆ. ಕಿವಿ ಡಾಕ್ಟರ ಬಳಿ ಗುಗ್ಗೆ ತೆಗೆಸಲು ಅದೇ ಕಾರ್ಖಾನೆಯ ಉಗ್ರಾಣದವನು ಬೆಂಚಿನ ಮೇಲೆ ಕೂತಿದ್ದ. ಭಾವ ಮೊದಲ ಬಾಗಿಲಿನಿಂದ ಹೊರಬಂದು ಎರಡನೆಯ ಬಾಗಿಲಿನೊಳಗೆ ಹೋದದ್ದನ್ನು ಅವನು ಕಣ್ಣಾರೆ ನೋಡಿದ. ಅವನ ಕಿವಿ ಕಟ್ಟಿತ್ತು, ಬಾಯಿ ಕಟ್ಟಿರಲಿಲ್ಲ.

ಬೀದಿಯವರ ಬಾಯಿಂದ ಕಾರಿನ ಕಥೆ ಕಾರ್ಖಾನೆಗೆ ಮೊದಲೇ ತಲುಪಿತ್ತು, ಮರುದಿನ ಜೋಡಣೆ ವಿಭಾಗದಲ್ಲಿ ಹಬ್ಬ. ಮೇಲ್ವಿಚಾರಕ ಕೆಂಪು ಚೀಟಿಯ ಫ್ಯಾನುಗಳನ್ನೆಲ್ಲ ಸಾಲಾಗಿ ಜೋಡಿಸಿ, ದೊಡ್ಡ ಸಾಹೇಬರನ್ನು ಕರೆತಂದು ವಾದ ಮಂಡಿಸಿದ. ಕಾರಿನ ಸದ್ದು ಇವರು ಒಬ್ಬರೇ ಇದ್ದಾಗ ಮಾತ್ರ ಕೇಳಿಸುತ್ತದೆ. ಅದು ಇಲ್ಲದ ಸದ್ದು. ಕೇಳುವ ಕೋಣೆಯಲ್ಲಿ ಇವರು ಯಾವಾಗಲೂ ಒಬ್ಬರೇ ಇರುತ್ತಾರೆ. ಹಾಗಾದರೆ ನನ್ನ ಫ್ಯಾನುಗಳ ಸದ್ದು ಎಂಥದ್ದು ಎಂದು ಕೇಳಿದ. ಹೇಳಿಕೊಟ್ಟರೂ ವಕೀಲರಿಗೆ ಹೀಗೆ ಬರುವುದಿಲ್ಲ.

ದೊಡ್ಡ ಸಾಹೇಬರು ಕೆಟ್ಟವರಲ್ಲ. ಚಿಕ್ಕ ವಯಸ್ಸಿನಲ್ಲಿ ತಗಡು ಕತ್ತರಿಸುವ ಯಂತ್ರಗಳ ನಡುವೆ ಕೂಲಿಯಾಗಿ ಸೇರಿ, ಮೆಟ್ಟಿಲು ಮೆಟ್ಟಿಲು ಹತ್ತಿ ಮೇಲೆ ಬಂದವರು. ಮಾತು ಜೋರು, ನಡೆ ನೇರ. ಅವರು ಭಾವನನ್ನು ಕರೆಸಿ, ನಾಳೆ ಬೆಳಿಗ್ಗೆ ನಿಮ್ಮ ಕಾರಿನಲ್ಲೇ ನಾನು ಕಾರ್ಖಾನೆಗೆ ಬರುತ್ತೇನೆ, ಆ ಸದ್ದು ನನ್ನ ಕಿವಿಗೆ ಬಿದ್ದರೆ ಕುರ್ಚಿ ನಿಮ್ಮದು, ಬೀಳದಿದ್ದರೆ ಪ್ಯಾಕಿಂಗ್ ವಿಭಾಗದಲ್ಲಿ ಜಾಗ ಇದೆ ಎಂದರು.

ಭಾವ ಅಂದು ಮನೆಗೆ ಬಂದು ಮೂಲೆಯಲ್ಲಿ ಕೂತರು. ನಲ್ಲಿ ತೊಟ್ಟಿಕ್ಕುತ್ತಿತ್ತು; ಎದ್ದು ನಿಲ್ಲಿಸಲಿಲ್ಲ. ಅದನ್ನು ನೋಡಿ ಅಕ್ಕನಿಗೆ ನಿಜಕ್ಕೂ ಭಯವಾಯಿತು. ಅವಳು ನನ್ನನ್ನು ಅಡುಗೆಮನೆಗೆ ಕರೆದಳು. ನಾನು ಅದೇ ಬೀದಿಯಲ್ಲಿ ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ ಇಟ್ಟವನು. ತೆಳ್ಳಗಿದ್ದೇನೆ, ನಾಲ್ಕು ಮೊಳೆ ಹೊಡೆದರೆ ನನ್ನನ್ನೂ ಗೋಡೆಗೆ ತೂಗುಹಾಕಬಹುದು. ನಾಳೆ ಅವರು ಸಾಹೇಬರ ಮನೆಗೆ ಒಬ್ಬರೇ ಹೋಗುತ್ತಾರಲ್ಲ, ಆಗ ನೀನು ಹಿಂದಿನ ಸೀಟಿನ ಕೆಳಗೆ ಅಡಗಿ ಕೂತು ಕೇಳು ಎಂದಳು. ಸದ್ದು ಇದ್ದರೆ ಇದೆ ಅಂತ ಒಂದು ಸಾಕ್ಷಿಯಾದರೂ ಆಗುತ್ತದೆ, ಇಲ್ಲದಿದ್ದರೆ ಇಲ್ಲ ಅಂತ ನನಗೊಬ್ಬಳಿಗೆ ಬಂದು ಹೇಳು, ನಾನು ನೋಡಿಕೊಳ್ಳುತ್ತೇನೆ ಎಂದಳು.

ಬೆಳಿಗ್ಗೆ ನಾನು ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ, ಹಳೆಯ ಹೊದಿಕೆಯೊಂದನ್ನು ಹೊದ್ದು ಮಲಗಿದೆ. ಭಾವ ಬಂದರು, ಕೂತರು, ಹೊರಟರು. ಬೀದಿಯ ತಿರುವಿನವರೆಗೆ ಏನೂ ಇಲ್ಲ. ಭಾವ ದೊಡ್ಡದೊಂದು ಉಸಿರು ಬಿಟ್ಟು ಸೀಟಿಗೆ ಒರಗಿದ್ದು ತಿಳಿಯಿತು. ಮರುಕ್ಷಣ ಕಿರ್ರ್.

ಇಷ್ಟು ದಿನ ನಾವೆಲ್ಲ ನಕ್ಕ ಸದ್ದು, ಮೇಷ್ಟ್ರು ಬೆನ್ನು ತಟ್ಟಿದ ಸದ್ದು, ಡಾಕ್ಟರು ಬರೆದುಕೊಂಡ ಸದ್ದು, ನನ್ನ ಕಿವಿಗೆ ಒಂದು ಗೇಣಿನ ದೂರದಲ್ಲಿ ಕೂಗುತ್ತಿತ್ತು. ಅದರ ಮೇಲೆ ಭಾವ ಮಾತಾಡತೊಡಗಿದರು. ಮೊದಲು ಫೋನಿನಲ್ಲಿ ಎಂದುಕೊಂಡೆ. ಅಲ್ಲ, ಕಾರಿನ ಜೊತೆ.

"ನಿನಗೆ ನಾನೇನಮ್ಮ ಅನ್ಯಾಯ ಮಾಡಿದ್ದೆ? ಇವತ್ತೊಂದು ದಿನ ಸಾಹೇಬರ ಮುಂದೆ ಕೂಗಿಬಿಡು. ಕೂಗಿದ್ರೆ ನಿನ್ನ ಗಂಟೇನು ಹೋಗುತ್ತೆ? ಪ್ಯಾಕಿಂಗ್‌ನಲ್ಲಿ ಇಡೀ ದಿನ ಸುತ್ತಿಗೆ ಸದ್ದು. ಅಲ್ಲಿ ನನಗೇನು ಕೇಳಿಸುತ್ತೆ ಹೇಳು. ನನಗೆ ಬೇರೆ ಏನೂ ಬರಲ್ಲ. ಕೇಳೋದೊಂದೇ ಬರೋದು."

ಕದ್ದು ಕೇಳುತ್ತಿದ್ದೇನಲ್ಲ ಎಂದು ನಾಚಿ, ಮುಖ ತಿರುಗಿಸಿಕೊಳ್ಳಲು ನಾನು ಹೊರಳಿದೆ. ಹೊರಳಿದಾಗ ಮುಂದಿನ ಎರಡು ಸೀಟುಗಳ ನಡುವಿನ ಸಂದಿಯಲ್ಲಿ ಪೆಡಲುಗಳು ಕಂಡವು, ಕ್ಲಚ್ ಪೆಡಲಿನ ಮೇಲೆ ಭಾವನ ಎಡಗಾಲು ಕಂಡಿತು. ಗೇರು ಬದಲಾಯಿಸುವಾಗ ಮಾತ್ರ ಒತ್ತಿ ಬಿಡಬೇಕಾದ ಪೆಡಲದು. ಭಾವನ ಕಾಲು ಅದರ ಮೇಲೆ ಹಾಯಾಗಿ, ಮಂಚದ ಮೇಲೆ ಮಲಗಿದ ಹಾಗೆ ಮಲಗಿತ್ತು. ಮುಂದೊಂದು ಹಸು ಅಡ್ಡ ಬಂತು, ಭಾವ ಬೆಚ್ಚಿ ಕಾಲು ತೆಗೆದರು. ಸದ್ದು ನಿಂತಿತು. ಹಸು ಹೋಯಿತು, ಕಾಲು ಮಲಗಿತು. ಕಿರ್ರ್.

ನಾನು ಹೊದಿಕೆಯ ಸಮೇತ ಎದ್ದು ಕೂತು, ಭಾವ, ಕಾಲು ಎಂದೆ.

ಹಿಂದಿನ ಸೀಟಿನಿಂದ ಹೊದಿಕೆಯೊಂದು ಎದ್ದು ಕಾಲಿನ ವಿಚಾರ ಮಾತಾಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಭಾವ ಕಾರನ್ನು ಒಂದು ಹಣ್ಣಿನ ಗಾಡಿಯ ಪಕ್ಕಕ್ಕೆ, ಗಾಡಿಯವನ ಹೊಟ್ಟೆಗೂ ಕಾರಿಗೂ ಒಂದು ಬಾಳೆಹಣ್ಣಿನ ಅಂತರ ಬಿಟ್ಟು ನಿಲ್ಲಿಸಿದರು. ಅವನು ಆಡಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವನನ್ನು ಸಮಾಧಾನ ಮಾಡಿ, ಭಾವನಿಗೆ ನಾನು ಕಂಡದ್ದನ್ನು ಹೇಳಿದೆ. ಅವರು ನಂಬಲಿಲ್ಲ. ತನ್ನ ಕಾಲು ಹಾಗೆಲ್ಲ ಮಾಡುವುದಿಲ್ಲ ಎಂದು ಮಗನ ಪರ ವಹಿಸುವ ತಾಯಿಯ ಹಾಗೆ ವಾದಿಸಿದರು. ಆಮೇಲೆ ಕಾಲಿಟ್ಟು ನೋಡಿದರು, ಕಿರ್ರ್. ತೆಗೆದರು, ನಿಶ್ಶಬ್ದ. ಇಟ್ಟರು, ತೆಗೆದರು, ಇಟ್ಟರು. ಕ್ಲಚ್ಚಿನ ಬೇರಿಂಗ್ ಸವೆದಿತ್ತು, ಪೆಡಲಿನ ಮೇಲೆ ಅರೆಬರೆ ಭಾರ ಬಿದ್ದರೆ ಅಳುತ್ತಿತ್ತು, ಗೇರು ಬದಲಾಯಿಸಲು ಪೂರ್ತಿ ಒತ್ತಿದರೆ ಸುಮ್ಮನಿರುತ್ತಿತ್ತು. ಭಾವ ಹೇಳಿದ್ದು ಅಕ್ಷರಶಃ ನಿಜ, ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಒಂದು ಬೇರಿಂಗ್. ಭಾವನ ಕಣ್ಣು ತೇವವಾಯಿತು.

ಜನರಿದ್ದಾಗ ಏಕೆ ಕೂಗುತ್ತಿರಲಿಲ್ಲ ಎಂಬುದೂ ಹೊಳೆಯಿತು. ಭಾವನಿಗೆ ಕಾರು ಕಲಿಸಿದ್ದು ಒಬ್ಬ ನಿವೃತ್ತ ಪೊಲೀಸಿನವ. ಕ್ಲಚ್ಚಿನ ಮೇಲೆ ಕಾಲು ಕಂಡರೆ ಮಂಡಿಗೆ ಲಾಠಿಯಲ್ಲಿ ಕುಟ್ಟುತ್ತಿದ್ದನಂತೆ. ಅಂದಿನಿಂದ ಪಕ್ಕದಲ್ಲಿ ಯಾವ ನರಪಿಳ್ಳೆ ಕೂತರೂ, ಹೆಂಡತಿಯೇ ಕೂತರೂ, ಭಾವ ಪರೀಕ್ಷೆಗೆ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಎಡಗಾಲನ್ನು ನೆಲಕ್ಕೆ ಊರುತ್ತಿದ್ದರು. ಒಬ್ಬರೇ ಇದ್ದಾಗ ಮಾತ್ರ ಮನುಷ್ಯ ಸಡಿಲವಾಗುತ್ತಿದ್ದದ್ದು.

ಇನ್ನೇನು, ಸಾಹೇಬರು ಕೂತ ಮೇಲೆ ಕಾಲಿಟ್ಟರಾಯಿತು ಎಂದೆ ನಾನು. ಭಾವ ಹೂಂ ಎಂದರು.

ಸಾಹೇಬರು ಮುಂದಿನ ಸೀಟಿನಲ್ಲಿ ಕೂತರು. ನನ್ನನ್ನು ಭಾವಮೈದ ಎಂದು ಪರಿಚಯಿಸಲಾಯಿತು. ಹೊದಿಕೆಯನ್ನು ಪರಿಚಯಿಸಲಿಲ್ಲ. ಕಾರು ಹೊರಟಿತು. ಕಾಲು ನೆಲದ ಮೇಲೆ. ನಾನು ಕೆಮ್ಮಿದೆ. ಕಾಲು ನೆಲದ ಮೇಲೇ. ಸೀಟಿನ ಹಿಂಬದಿಗೆ ಮಂಡಿಯಿಂದ ಒತ್ತಿದೆ. ಭಾವನ ಕಾಲು ಎದ್ದಿತು, ಪೆಡಲಿನ ಹತ್ತಿರ ಹೋಯಿತು, ಕೆಳಗಿಳಿಯಿತು. ಕುತ್ತಿಗೆಯಲ್ಲಿ ಬೆವರು ಹರಿಯುತ್ತಿತ್ತು. ಮೇಲಧಿಕಾರಿಯ ಪಕ್ಕದಲ್ಲಿ ಕೂತು ಬೇಕೆಂದೇ ತಪ್ಪು ಮಾಡುವುದು ಅವರ ಜನ್ಮದಲ್ಲಿ ಬರೆದಿರಲಿಲ್ಲ.

"ಎಲ್ರೀ ನಿಮ್ಮ ಸದ್ದು?" ಎಂದರು ಸಾಹೇಬರು. ಕಾರ್ಖಾನೆಯ ಚಿಮಣಿ ಆಗಲೇ ಕಾಣತೊಡಗಿತ್ತು.

ಆ ಚಿಮಣಿ ನೋಡಿದ ಮೇಲೆ ಭಾವ ಕಣ್ಣು ಮುಚ್ಚಿ, ಕಾರು ಓಡಿಸುವಾಗ ಎಷ್ಟು ಮುಚ್ಚಬಹುದೋ ಅಷ್ಟು ಮುಚ್ಚಿ, ಕಾಲಿಟ್ಟರು. ಕಿರ್ರ್ ಎಂದಿತು ನೋಡಿ. ಅಂದು ಅದಕ್ಕೂ ಏನೋ ಉತ್ಸಾಹ. ರಸ್ತೆ ಬದಿಯಲ್ಲಿ ಮಲಗಿದ್ದ ನಾಯಿ ತಲೆ ಎತ್ತಿತು. ಪಾದಚಾರಿಯೊಬ್ಬಳು ಹಿಂತಿರುಗಿ ನೋಡಿದಳು. ನಾನು ಹಲ್ಲು ಕಿರಿದು ಸಾಹೇಬರ ಮುಖ ನೋಡಿದೆ.

ಸಾಹೇಬರು ತಲೆ ಓರೆ ಮಾಡಿ ಕೇಳುತ್ತಿದ್ದರು. ಈ ಕಡೆ ಓರೆ ಮಾಡಿದರು, ಆ ಕಡೆ ಓರೆ ಮಾಡಿದರು.

"ಏನೂ ಇಲ್ವಲ್ರೀ" ಎಂದರು.

ಭಾವ ಹತಾಶರಾಗಿ ಕಾಲು ತೆಗೆದರು. ಕಾರು ಗಪ್‌ಚಿಪ್ಪಾಯಿತು. ಸಾಹೇಬರು ಕನ್ನಡಿಯಲ್ಲಿ ನನ್ನ ಹಲ್ಲು ನೋಡಿ, ನಿಮಗೆ ಕೇಳಿಸಿತೇ ಎಂದು ವಿಚಾರಿಸಿದರು. ಜೋರಾಗಿ ಕೇಳಿಸಿತು ಸಾರ್, ನಾಯಿಗೂ ಕೇಳಿಸಿತು ಎಂದೆ ನಾನು. ಸಾಹೇಬರು ನಾಯಿ ಇದ್ದ ಕಡೆಗೆ ತಿರುಗಿ ನೋಡಿದರು. ಅವರ ಕೈ ಒಂದು ಸಲ ಕಿವಿಯ ಹತ್ತಿರ ಹೋಗಿ, ಏನೋ ನೆನಪಾದಂತೆ ಕೆಳಗಿಳಿಯಿತು.

"ಹ್ಞಾಂ" ಎಂದರು ಕೊನೆಗೆ. "ಈಗ ಬಂತು. ಈಗ ಸ್ಪಷ್ಟವಾಗಿ ಕೇಳಿಸ್ತಾ ಇದೆ."

ಕಾರಿನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದವಿತ್ತು. ಭಾವನ ಎಡಗಾಲು ನೆಲದ ಮೇಲಿತ್ತು. ನಾನು ಬಾಯಿ ತೆರೆದೆ. ಕನ್ನಡಿಯಲ್ಲಿ ಭಾವ ನನ್ನ ಕಡೆ ಒಂದು ನೋಟ ನೋಡಿದರು. ಅಕ್ಕ ಸೌಟು ಕೆಳಗಿಟ್ಟಾಗಲೂ ಅಂಥ ನೋಟವನ್ನು ನಾನು ಕಂಡಿಲ್ಲ. ಬಾಯಿ ಮುಚ್ಚಿದೆ.

"ಹೌದು ಸಾರ್" ಎಂದರು ಭಾವ. "ಅದೇ ಸದ್ದು."

"ಬೇರಿಂಗ್ ಅನ್ಸುತ್ತೆ."

"ಬೇರಿಂಗೇ ಸಾರ್. ನೀವು ಸರಿಯಾಗಿ ಹೇಳಿದ್ರಿ."

ಸಾಹೇಬರು ಕಾರ್ಖಾನೆಯ ಗೇಟಿನಲ್ಲಿ ಇಳಿದರು. ಕಾಯುತ್ತಿದ್ದ ಜೋಡಣೆ ವಿಭಾಗದವನಿಗೆ, ಸದ್ದು ನಾನೇ ಕೇಳಿದ್ದೇನೆ, ಕೆಂಪು ಚೀಟಿಯ ಫ್ಯಾನುಗಳನ್ನೆಲ್ಲ ಬಿಚ್ಚಿ ಸರಿಮಾಡಿ ಎಂದು ಗದರಿದರು. ನಂತರ ಕಾರಿನ ಬಾಗಿಲನ್ನು ಮೆಲ್ಲಗೆ ಹಾಕಿ ಒಳಗೆ ಹೋದರು.

ಅವರು ಮರೆಯಾಗುತ್ತಲೇ ನನಗೆ ತಡೆಯಲಾರದ ನಗು ಬಂತು. ಭಾವ ನಗಲಿಲ್ಲ.

"ನಗಬೇಡ ಕಣೋ. ತಗಡಿನ ಮೆಷಿನ್ ಮಧ್ಯೆ ಅಷ್ಟು ವರ್ಷ ನಿಂತವರು. ಮೊದಲು ಹೋಗೋದು ಇಂಥ ಸಣ್ಣ ಸದ್ದೇ. ಅವರಿಗೆ ಅದು ಇವತ್ತೇ ಗೊತ್ತಾಯ್ತು ಅನ್ಸುತ್ತೆ, ಪಾಪ."

ಬೇರಿಂಗ್ ಬದಲಾಯಿತು, ಕಾರು ಸುಮ್ಮನಾಯಿತು, ಭಾವ ತಮ್ಮ ಕುರ್ಚಿಯಲ್ಲೇ ಉಳಿದರು. ಈಗ ಸಾಹೇಬರು ಎದುರಾದರೆ ಭಾವ ಬೇಕೆಂದೇ ಅವರ ಮುಖಕ್ಕೆ ಮುಖ ಕೊಟ್ಟು, ಬೆಳಕು ತನ್ನ ಬಾಯಿಯ ಮೇಲೆ ಬೀಳುವ ಹಾಗೆ ನಿಂತು, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಎರಡೆರಡು ಸಲ ಹೇಳುತ್ತಾರಂತೆ. ಸಾಹೇಬರ ಮುಂದೆ ಹೀಗೆ ಬಕೆಟ್ ಹಿಡಿಯುವವನನ್ನು ಇಡೀ ಕಾರ್ಖಾನೆಯಲ್ಲಿ ಕಂಡಿಲ್ಲ ಎಂದು ಜೋಡಣೆ ವಿಭಾಗದವರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಭಾವನಿಗೆ ಅದೆಲ್ಲ ಚೆನ್ನಾಗಿಯೇ ಕೇಳಿಸುತ್ತದೆ.